ಒಗೆಯುವ ಕಲ್ಲಿನ ಮೇಲೆ ಬರೋಲೊ

ಲಕ್ಷ್ಮಿಕಾಂತ ಹುಟ್ಟಿದಾಗಿನಿಂದ ಒಂದು ತೊಟ್ಟು ಮದ್ಯವನ್ನೂ ಗಂಟಲಿನಿಂದ ಕೆಳಗೆ ಇಳಿಸಿದವನಲ್ಲ. ಅವನ ಕಷ್ಟಕ್ಕೆಲ್ಲ ಅದೇ ಮೂಲ. ಕುಡುಕನಾಗಿದ್ದರೆ ರಾತ್ರಿ ಕುಡಿದು, ಹೆಂಡತಿಯಿಂದ ಬೈಸಿಕೊಂಡು, ಬೆಳಿಗ್ಗೆ ನಿಂಬೆ ಶರಬತ್ತು ಕುಡಿದು ಕೆಲಸಕ್ಕೆ ಹೋಗಿ ನೆಮ್ಮದಿಯಾಗಿರಬಹುದಿತ್ತು. ಕುಡಿಯದೆ ಇದ್ದು ಇಷ್ಟು ಫಜೀತಿಪಟ್ಟ ಗಂಡಸನ್ನು ಫ್ರೇಜರ್ ಟೌನಿನ ಆ ಗಲ್ಲಿ ಹಿಂದೆ ಕಂಡಿರಲಿಲ್ಲ, ಮುಂದೆ ಕಾಣುವ ಆಸೆಯೂ ಅದಕ್ಕಿಲ್ಲ.

ಅವನ ಊರು ಯಾದಗಿರಿ ಕಡೆ. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ. ಕೆಲಸ ಮಾತ್ರ ಇಂದಿರಾನಗರದ ಒಂದು ಇಟಾಲಿಯನ್ ಹೋಟೆಲಿನಲ್ಲಿ ಸ್ಟೋರ್ ಕೀಪರ್. ಮೈದಾ ಮೂಟೆ, ಈರುಳ್ಳಿ ಮೂಟೆ, ಚೀಸಿನ ಗಡ್ಡೆಗಳ ಜೊತೆ ವೈನ್ ಬಾಟಲಿಗಳೂ ಅವನ ಕೈಯಿಂದಲೇ ಒಳಗೆ ಹೋಗುತ್ತಿದ್ದವು. ಆದರೆ ಅವುಗಳ ಜೊತೆ ಅವನಿಗೆ ಇದ್ದ ಸಂಬಂಧ ಮೂಟೆಗೂ ಹಮಾಲನಿಗೂ ಇರುವಷ್ಟೇ.

ಗಿರಾಕಿಗಳಿಗೆ ವೈನ್ ಬಡಿಸಿ ಅದರ ಗುಣಗಾನ ಮಾಡುತ್ತಿದ್ದ ಕ್ಯಾಪ್ಟನ್ ದುಬೈಗೆ ಹಾರಿಹೋದ ವಾರವೇ ಇಟಲಿಯಿಂದ ಒಬ್ಬ ಸಾಹೇಬರು ಬಂದರು. ಅವರು ತಂದಿದ್ದು ಬರೋಲೊ ಎಂಬ ಕೆಂಪು ವೈನು. ಇದು ಹುಟ್ಟಿದ ಕೂಡಲೇ ಕುಡಿಯುವ ಜಾತಿಯದ್ದಲ್ಲ. ಎಳೆಯದಿರುವಾಗ ಬಾಳೆಕಾಯಿ ಕಚ್ಚಿದ ಹಾಗೆ ಒಗರು. ಕತ್ತಲಲ್ಲಿ ಹತ್ತು ಹದಿನೈದು ವರ್ಷ ತಣ್ಣಗೆ ಮಲಗಿಸಿದರೆ ಒಗರು ಕರಗಿ ಗುಲಾಬಿ, ಡಾಂಬರು, ಒಣ ಚೆರ್ರಿ, ಹಳೇ ಚರ್ಮದ ಚೀಲ ಎಲ್ಲ ಸೇರಿದ ಪರಿಮಳ ಬರುತ್ತದಂತೆ. ಡಾಂಬರಿನ ವಾಸನೆಗೆ ಜನ ದುಡ್ಡು ಕೊಡುತ್ತಾರೆಂದು ಕೇಳಿ, ಮೊದಲು ಬಾಡಿಗೆಗಿದ್ದ ಕಗ್ಗದಾಸಪುರದಲ್ಲಿ ರಸ್ತೆ ರಿಪೇರಿ ನಡೆದಾಗೆಲ್ಲ ಮೂಗು ಮುಚ್ಚಿಕೊಂಡು ಓಡಾಡಿದ್ದ ಲಕ್ಷ್ಮಿಕಾಂತನಿಗೆ ಆಶ್ಚರ್ಯವಾಗಿತ್ತು.

ಮಾಲೀಕ ಕಿರಣಕುಮಾರ ಒಂದು ಗುಟುಕು ಕುಡಿದು, ಏನು ಹೇಳಬೇಕೆಂದು ತಿಳಿಯದೆ, "ಯಾರಾದ್ರೂ ಒಪೀನಿಯನ್ ಹೇಳ್ರಪ್ಪ" ಎಂದು ಸಿಬ್ಬಂದಿಯ ಕಡೆ ನೋಡಿದ. ಹೆಡ್ ಕುಕ್ ಕಿಸಕ್ಕನೆ ನಕ್ಕು, "ನಮ್ ಲಕ್ಷ್ಮಿಕಾಂತಣ್ಣನ್ನ ಕೇಳಿ ಸಾರ್. ಮಜ್ಜಿಗೇಲಿ ಎಕ್ಸ್‌ಪರ್ಟು" ಎಂದ. ಎಲ್ಲರೂ ನಕ್ಕರು. ಇಟಲಿಯ ಸಾಹೇಬರು ಕೂಡ, ಏನೂ ಅರ್ಥವಾಗದೆ, ಸೌಜನ್ಯಕ್ಕೆ ನಕ್ಕರು.

ಆ ಕೊನೆಯ ನಗೆ ಲಕ್ಷ್ಮಿಕಾಂತನಿಗೆ ನಾಟಿತು. ಕೈಯಲ್ಲಿದ್ದ ಆಲಿವ್ ಡಬ್ಬಿ ಕೆಳಗಿಟ್ಟು, ಗ್ಲಾಸು ಎತ್ತಿ, ದುಬೈಗೆ ಹೋದ ಕ್ಯಾಪ್ಟನ್ ಮಾಡುತ್ತಿದ್ದ ಹಾಗೇ ಬಿಳೀ ಕರವಸ್ತ್ರದ ಮುಂದೆ ಓರೆಯಾಗಿ ಹಿಡಿದು ಅಂಚಿನ ಬಣ್ಣ ನೋಡಿದ. ತಿರುಗಿಸಿದ. ಮೂಗು ಒಳಗೆ ಇಳಿಸಿ ಕಣ್ಣು ಮುಚ್ಚಿದ. ಆಮೇಲೆ ಆ ಕ್ಯಾಪ್ಟನ್ ಎಲ್ಲ ಬಾಟಲಿಗೂ ಹೇಳುತ್ತಿದ್ದ ಮಾತನ್ನೇ ಒಪ್ಪಿಸಿದ. "ಒಗರು ಇನ್ನೂ ಬಿಟ್ಟಿಲ್ಲ ಸಾರ್. ಎಂಟು ವರ್ಷ ಮಲಗಲಿ."

ಕಿರಣಕುಮಾರ ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದ್ದೇ ತಡ, ಇಟಲಿಯವರು ಎದ್ದು ಬಂದು ಲಕ್ಷ್ಮಿಕಾಂತನ ಎರಡೂ ಭುಜ ಹಿಡಿದು ಅಲುಗಾಡಿಸಿದರು. ಬಾಯಿಗೇ ಹಾಕದೆ ಬರೀ ಮೂಗಿನಲ್ಲಿ ವರ್ಷ ಹೇಳುವ ಮನುಷ್ಯನನ್ನು ಅವರ ದೇಶದಲ್ಲೂ ನೋಡಿರಲಿಲ್ಲವಂತೆ. ಕಿರಣಕುಮಾರ ಅಲ್ಲೇ ತೀರ್ಮಾನ ಮಾಡಿಬಿಟ್ಟ. ಬರುವ ಭಾನುವಾರ ದೊಡ್ಡ ದೊಡ್ಡವರನ್ನು ಕರೆದು ಬರೋಲೊ ಪರೀಕ್ಷೆಯ ಕಾರ್ಯಕ್ರಮ. ನಿಂತು ರುಚಿ ನೋಡಿ ವಿವರಿಸುವವನು ಲಕ್ಷ್ಮಿಕಾಂತ, ಕೋಟು ಹೋಟೆಲಿನದ್ದು.

ಇಲ್ಲವೆನ್ನಲು ಅದೇ ಸರಿಯಾದ ಸಮಯವಾಗಿತ್ತು. ಆದರೆ ಹೆಡ್ ಕುಕ್ಕನ ಬಾಯಿ ತೆರೆದೇ ಇತ್ತು, ಅದನ್ನು ನೋಡುವುದು ಬಹಳ ಹಿತವಾಗಿತ್ತು. ಲಿಂಗ ಕಟ್ಟಿದವನು ಕುಡಿಯುವುದು ಹೇಗೆಂಬ ಪ್ರಶ್ನೆಯನ್ನೂ ಇಟಲಿಯವರೇ ಬಗೆಹರಿಸಿದರು. ಪರೀಕ್ಷೆ ಮಾಡುವವರು ಕುಡಿಯುವುದಿಲ್ಲವಂತೆ. ಬಾಯಿಗೆ ಹಾಕಿಕೊಂಡು, ತುಟಿ ಸಣ್ಣಗೆ ಮಾಡಿ ಗಾಳಿ ಎಳೆದು, ಗುಳುಗುಳು ಎನಿಸಿ, ನಾಲಿಗೆ ಒಸಡುಗಳಿಗೆಲ್ಲ ಮುಟ್ಟಿಸಿ, ಉಗಿಯುತ್ತಾರಂತೆ. ಅವರು ಉಗಿದು ತೋರಿಸಿದರು. ಹುಣಸೆಮರದ ಕೆಳಗೆ ಕೂತು ತಂಬಾಕು ಜಗಿಯುವ ಮಂದಿಯ ನಡುವೆ ಬೆಳೆದ ಲಕ್ಷ್ಮಿಕಾಂತನಿಗೆ ಅವರ ಉಗುಳು ಸಾಧಾರಣ ಅನ್ನಿಸಿತು. ನುಂಗದಿದ್ದರೆ ಕುಡಿದ ಹಾಗಲ್ಲವಲ್ಲ ಎಂದು ಮನಸ್ಸಾಕ್ಷಿಯನ್ನು ಕೇಳಿದ. ಭಾನುವಾರದ ಕೋಟಿನ ಗುಂಗಿನಲ್ಲಿದ್ದ ಮನಸ್ಸಾಕ್ಷಿ ಅಲ್ಲ ಎಂದಿತು.

ಕಿರಣಕುಮಾರ ಒಂದು ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟ. "ಮನೇಲಿ ಪ್ರಾಕ್ಟೀಸ್ ಮಾಡು. ಇಲ್ಲಿಟ್ರೆ ಅಡುಗೆಯವ್ರು ಮುಗಿಸ್ಬಿಡ್ತಾರೆ. ಆದ್ರೆ ನಾನು ಕೊಟ್ಟೆ ಅಂತ ಯಾರ ಹತ್ರನೂ ಬಾಯ್ಬಿಡ್ಬೇಡ. ಲೈಸೆನ್ಸಿನ ಬಾಟ್ಲಿ ಹೊರಗೆ ಹೋಯ್ತು ಅಂತ ಗೊತ್ತಾದ್ರೆ ಅಬಕಾರಿಯವ್ರು ಹೋಟ್ಲಿಗೇ ಬೀಗ ಹಾಕ್ತಾರೆ."

ಮನೆಯೆಂದರೆ ಖುರ್ಷೀದ್ ಸಾಹೇಬರ ಮನೆಯ ಮೇಲಿನ ಎರಡು ಕೋಣೆ. ಶಿವಾಜಿನಗರದಲ್ಲಿ ಸೂಟ್‌ಕೇಸ್ ಅಂಗಡಿ ನಡೆಸಿ ಈಗ ಮಗನಿಗೆ ಬಿಟ್ಟುಕೊಟ್ಟು ಮನೆಯಲ್ಲಿರುವ ಖುರ್ಷೀದ್ ಸಾಹೇಬರು ಬಾಡಿಗೆಗೆ ಕೊಡುವಾಗ ಜಾತಿ ಕೇಳಿರಲಿಲ್ಲ, ಊಟ ಕೇಳಿರಲಿಲ್ಲ. ಒಂದೇ ಶರತ್ತು ಹಾಕಿದ್ದರು. ಮನೆಯೊಳಗೆ ಶರಾಬು ಬಂದರೆ ಆ ದಿನವೇ ಸಾಮಾನು ಹೊರಗೆ. ಹೊರಮಾವಿನವರೆಗೆ ಸುತ್ತಿದರೂ ಅಂಥ ಮನೆ ಆ ಬಾಡಿಗೆಗೆ ಸಿಗುವಂತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ ಲಕ್ಷ್ಮಿಕಾಂತನ ಹೆಂಡತಿ ಗಂಗಾಳ ಹೊಲಿಗೆ ಕೆಲಸವೆಲ್ಲ ಆ ಗಲ್ಲಿಯ ಮನೆಗಳಿಂದಲೇ ಬರುತ್ತಿತ್ತು. ಆ ಮನೆ ಹೋದರೆ ಅವಳ ಮಿಷನ್ನು ನಿಂತಹಾಗೇ.

ಆದ್ದರಿಂದ ಲಕ್ಷ್ಮಿಕಾಂತ ಬಾಟಲಿಯನ್ನು ಜೋಳದ ಹಿಟ್ಟಿನ ಡಬ್ಬಿಯ ಹಿಂದೆ ಅಡಗಿಸಿದ. ಗಂಗಾಗೂ ಹೇಳಲಿಲ್ಲ. ಬೆಳಗಿನ ಜಾವ ಅವಳು ಏಳುವ ಮೊದಲು ಲೋಟದಲ್ಲಿ ಸ್ವಲ್ಪ ಬಗ್ಗಿಸಿಕೊಂಡು, ಮೆಟ್ಟಿಲಿಳಿದು, ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಹೋದ. ಬಿಳೀ ಬನಿಯನ್ನಿನ ಮುಂದೆ ಲೋಟ ಹಿಡಿದ. ಸ್ಟೀಲ್ ಲೋಟವಾದ್ದರಿಂದ ಬಣ್ಣ ಕಾಣಲಿಲ್ಲ. ಮೂಸಿದ; ಡಾಂಬರಿಗಿಂತ ಹೆಚ್ಚಾಗಿ ಪಾತ್ರೆ ಸೋಪಿನ ವಾಸನೆ ಬಂತು. ಬಾಯಿಗೆ ಹಾಕಿಕೊಂಡ. ಅದರ ಹುಳಿಗೂ ಒಗರಿಗೂ ಬಾಯೊಳಗಿನ ಚರ್ಮವೆಲ್ಲ ಸುಕ್ಕುಗಟ್ಟಿ ಕಣ್ಣಲ್ಲಿ ನೀರು ಬಂತು. ಆದರೂ ಬಿಡದೆ ಗಾಳಿ ಎಳೆದ. ಗೊರಗೊರ ಸದ್ದು ಮಾಡಿದ, ನೆತ್ತಿಗೇರಿ ಕೆಮ್ಮಿದ, ಎದೆ ಹಿಡಿದುಕೊಂಡ, ಬಗ್ಗಿ ಕಲ್ಲಿನ ಮೇಲೆ ಉಗಿದ. ಒಂದು ಚೊಂಬು ನೀರು ಸುರಿದು, ಬಾಯಿ ಒರೆಸಿಕೊಂಡು, ಕಲೆಗೆ ಕೈಹಚ್ಚಿದ ತೃಪ್ತಿಯಿಂದ ಮೇಲೆ ಹೋದ.

ಅಡುಗೆಮನೆಯ ಕಿಟಕಿಯಲ್ಲಿ ಚಹಾಕ್ಕೆ ನೀರಿಡುತ್ತಿದ್ದ ಖುರ್ಷೀದ್ ಸಾಹೇಬರ ಹೆಂಡತಿ ಹಮೀದಾ ಇದನ್ನೆಲ್ಲ ಮೊದಲಿನಿಂದ ಕೊನೆಯವರೆಗೆ ನೋಡಿದಳು. ಮೇಲಿನ ಮನೆಯ ಸಾಧು ಮನುಷ್ಯ ಉಸಿರಿಗೆ ಒದ್ದಾಡಿದ, ಕೆಮ್ಮಿದ, ಕಲ್ಲಿನ ಮೇಲೆ ರಕ್ತ ಕಾರಿದ, ಹೆಂಡತಿಗೆ ತಿಳಿಯದಿರಲೆಂದು ನೀರು ಸುರಿದು ಹೋದ. ಅವಳ ಕೈಯಿಂದ ಚಹಾ ಪಾತ್ರೆ ಒಲೆಗೆ ಬಿತ್ತು.

ಸಂಜೆ ಲಕ್ಷ್ಮಿಕಾಂತ ಮನೆಗೆ ಬಂದಾಗ ಗಲ್ಲಿಯಲ್ಲಿ ಎಲ್ಲರೂ ಅವನಿಗೆ ದಾರಿ ಬಿಟ್ಟರು. ಹೀಗೆ ಎಂದೂ ಬಿಟ್ಟಿರಲಿಲ್ಲ. ಕೋಟಿನ ಸುದ್ದಿ ಇಲ್ಲಿಗೂ ತಲುಪಿದೆಯೆಂದುಕೊಂಡು ಅವನು ಗಂಭೀರವಾಗಿ ತಲೆ ಆಡಿಸುತ್ತ ಬಂದ. ಮೇಲೆ ಗಂಗಾ ಮಿಷನ್ನಿನ ಮೇಲೆ ತಲೆಯಿಟ್ಟು ಅಳುತ್ತಿದ್ದಳು.

"ಕಟಗೊಂಡ ಹೆಂಡ್ತಿ ಮುಂದ ಮುಚ್ಚಿಟ್ಟೀರಲ್ರೀ" ಎಂದಳು. "ನೀವು ರಕ್ತ ಕಾರ್ಲಿಕತ್ತೀರಿ ಅಂತ ನಾ ಓಣಿಯವ್ರ ಬಾಯಾಗ ಕೇಳ್ಬೇಕಾತು."

ಲಕ್ಷ್ಮಿಕಾಂತನಿಗೆ ಒಂದು ಕ್ಷಣ ಏನೂ ತಿಳಿಯಲಿಲ್ಲ. ತಿಳಿದಾಗ ನಗು ಬಂತು. ನಗುತ್ತಲೇ "ಹುಚ್ಚಿ, ಅದು ರಕ್ತಲ್ಲ, ಅದು..." ಎನ್ನುವಷ್ಟರಲ್ಲಿ ಬಾಗಿಲಲ್ಲಿ ಖುರ್ಷೀದ್ ಸಾಹೇಬರು ನಿಂತಿದ್ದರು. ಹಿಂದೆ ಹಮೀದಾ, ಕೈಯಲ್ಲಿ ಬಾದಾಮಿ ಹಾಲು.

"ಹೊಸಾ ಪಾತ್ರೆ ತಂದು ಕಾಯಿಸಿದ್ದೀನಿ" ಎಂದಳು ಹಮೀದಾ. "ನಿಮ್ದು ಮಡಿ ನನಗೆ ಗೊತ್ತು."

ಖುರ್ಷೀದ್ ಸಾಹೇಬರು ಅವನ ಪಕ್ಕ ಕೂತು ಹೆಗಲ ಮೇಲೆ ಕೈಯಿಟ್ಟರು. "ಲಕ್ಷ್ಮಿಕಾಂತ್ ಭಾಯ್, ಈ ಬೀಮಾರಿ ಅಂದ್ರೆ ಮನೆ ಖಾಲಿ ಮಾಡು ಅನ್ನೋ ಜನ ಇದ್ದಾರೆ. ನಾನು ಅಂಥವನಲ್ಲ. ಶರಾಬು ಮನುಷ್ಯ ತಾನಾಗಿ ತಂದ್ಕೊಳ್ಳೋದು, ಅದಕ್ಕೆ ಮಾಫಿ ಇಲ್ಲ. ಬೀಮಾರಿ ಮೇಲಿಂದ ಬರೋದು. ನೀನು ಗುಣ ಆಗೋವರೆಗೆ ಇದು ನಿನ್ ಮನೆ. ಏನೋ ಹೇಳ್ತಿದ್ದೆ, ಹೇಳು. ಅದು ರಕ್ತ ಅಲ್ಲ, ಏನು?"

ಲಕ್ಷ್ಮಿಕಾಂತ ಅವರ ಬಿಳೀ ಗಡ್ಡ ನೋಡಿದ, ಗಂಗಾಳ ಮಿಷನ್ನು ನೋಡಿದ, ಜೋಳದ ಡಬ್ಬಿಯ ಕಡೆ ಮಾತ್ರ ನೋಡಲಿಲ್ಲ. ನಿಧಾನವಾಗಿ ಬಾಯಿಗೆ ಕೈ ಅಡ್ಡ ಹಿಡಿದು, ಕೆಮ್ಮಿದ.

ಹೀಗೆ ಕೆಮ್ಮು ಶುರುವಾಯಿತು. ಒಮ್ಮೆ ಶುರುವಾದ ಮೇಲೆ ನಿಲ್ಲಿಸುವುದು ಎಲ್ಲಿ? ಗಲ್ಲಿಯವರ ಮುಂದೆ ಕೆಮ್ಮಬೇಕು, ಹೋಟೆಲಿನಲ್ಲಿ ಕೆಮ್ಮಬಾರದು, ಬೆಳಗಿನ ಜಾವ ಪ್ರಾಕ್ಟೀಸೂ ತಪ್ಪಬಾರದು. ಕಲ್ಲಿನ ಮೇಲೆ ಉಗಿಯುವುದನ್ನು ಇನ್ನು ಮುಚ್ಚಿಡಬೇಕಾಗಿರಲಿಲ್ಲ ಎಂಬುದೊಂದೇ ಸೌಕರ್ಯ. ರೋಗಿಯೆಂದು ಹೆಸರಾದವನು ಎಲ್ಲಿ ಬೇಕಾದರೂ ಉಗಿಯಬಹುದು. ಹಮೀದಾ ಜೇನು, ಖರ್ಜೂರ ಕಳಿಸುತ್ತಿದ್ದಳು. ತಿಂದು ತಿಂದು ಕ್ಷಯರೋಗಿಯ ಕೆನ್ನೆ ತುಂಬಿಕೊಂಡಿತು. ಅದನ್ನು ಗಲ್ಲಿಯವರು ಬಾವು ಎಂದರು.

ಗುರುವಾರ ಬೆಳಿಗ್ಗೆ ಅವನು ಉಗಿದು ಇನ್ನೂ ತಲೆ ಎತ್ತಿರಲಿಲ್ಲ, ಎದುರಿಗೆ ಒಂದು ಪ್ಲಾಸ್ಟಿಕ್ ಡಬ್ಬಿ ಬಂತು. ಡಬ್ಬಿ ಹಿಡಿದವರು ಆ ವಾರ್ಡಿನ ಆರೋಗ್ಯ ನಿರೀಕ್ಷಕ ಮಾನಪ್ಪ. ಮಾಸ್ಕಿನ ಮೇಲೆ ಅವರ ಕಣ್ಣು ಹೊಳೆಯುತ್ತಿದ್ದವು. ಮನೆ ಮನೆ ಅಲೆದರೂ ಕೆಮ್ಮು ಒಪ್ಪಿಕೊಳ್ಳದ ಜನರ ನಡುವೆ ಇಂಥ ಪರಿಪೂರ್ಣ ರೋಗಿ ತಾನಾಗಿ ಸಿಕ್ಕಿದ್ದು ಅವರ ಸರ್ವಿಸ್ಸಿನಲ್ಲೇ ಮೊದಲು.

"ಹೆದರ್ಕೋಬೇಡಿ. ಟಿ.ಬಿ. ಅಂದ್ರೆ ಈಗ ಏನೂ ಅಲ್ಲ. ಮಾತ್ರೆ ಫ್ರೀ, ಆರು ತಿಂಗಳು ತಪ್ಪದೆ ನುಂಗಿದ್ರೆ ಸಂಪೂರ್ಣ ಗುಣ. ಎದೆ ಆಳದಿಂದ ಇದ್ರಲ್ಲಿ ಕಫ ಹಾಕಿ."

ತಪ್ಪಿಸಿಕೊಳ್ಳುವ ದಾರಿಯಿರಲಿಲ್ಲ. ಬಾಯಲ್ಲಿ ಬರೋಲೊ ಇನ್ನೂ ಉಳಿದಿತ್ತು. ಡಬ್ಬಿಯಲ್ಲಿ ಬಿದ್ದದ್ದನ್ನು ಬೆಳಕಿಗೆ ಎತ್ತಿ ಹಿಡಿದು, ಓರೆ ಮಾಡಿ, ಅಂಚಿನ ಬಣ್ಣ ನೋಡಿ ಮಾನಪ್ಪ ಒಂದು ಹೆಜ್ಜೆ ಹಿಂದೆ ಸರಿದರು. ಇಟಲಿಯ ಸಾಹೇಬರೂ ಅಷ್ಟು ಶ್ರದ್ಧೆಯಿಂದ ನೋಡಿರಲಿಲ್ಲ.

"ಬಹಳ ಹಳೇದು" ಎಂದರು ಮಾನಪ್ಪ. "ವರ್ಷಗಟ್ಟಲೆ ಒಳಗಿಟ್ಕೊಂಡಿದ್ದೀರಿ. ಎಲ್ಲಿ ಕೆಲಸ ಮಾಡ್ತೀರಿ?"

ದಿಕ್ಕು ತಪ್ಪಿದ್ದ ಲಕ್ಷ್ಮಿಕಾಂತ ಹೋಟೆಲಿನ ಹೆಸರು ಹೇಳಿಬಿಟ್ಟ.

ಶನಿವಾರ ಮಧ್ಯಾಹ್ನದ ಹೊತ್ತಿಗೆ ಹಿತ್ತಲು ತುಂಬಿತ್ತು. ಯಾದಗಿರಿಯಿಂದ ರಾತ್ರಿ ಬಸ್ಸು ಹಿಡಿದು ಜಟ್ಟೆಮ್ಮ ಬಂದಿಳಿದಿದ್ದಳು. ಲಕ್ಷ್ಮಿಕಾಂತನಿಗೆ ಅವಳು ಸೋದರತ್ತೆಯೂ ಹೌದು, ಮಗಳನ್ನು ಕೊಟ್ಟ ಅತ್ತೆಯೂ ಹೌದು. ಎರಡೂ ಹಕ್ಕಿನಿಂದ ಎರಡು ಪಾಲು ಅಳುತ್ತಿದ್ದಳು.

"ಎಂಥಾ ಎದಿ ಇತ್ತಲ್ಲೋ ಲಕ್ಷ್ಮ್ಯಾ ನಿಂದು. ಬೆಂಗ್ಳೂರು ನೀರು ಕುಡ್ದು ಹಿಂಗಾತು. ನಾಳಿಗೇ ಮನಿ ಖಾಲಿ ಮಾಡ್ರಿ. ಊರಿಗಿ ಹೋಗಮು. ಗಂಗಾ, ಮಿಷನ್ ಮಾರಿಬಿಡು."

ಗಂಗಾ ಮಿಷನ್ನಿನ ಮಾತು ಕೇಳಿ ಇನ್ನಷ್ಟು ಅತ್ತಳು. ಅಷ್ಟರಲ್ಲಿ ಕಿರಣಕುಮಾರ ಬಂದ. ಮಾನಪ್ಪನವರ ಫೋನು ಅವನಿಗೆ ತಲುಪಿತ್ತು. ಮೂಗಿಗೆ ಕರವಸ್ತ್ರ ಹಿಡಿದು ಗೇಟಿನ ಹತ್ತಿರವೇ ನಿಂತ.

"ನೋಡು ಲಕ್ಷ್ಮಿಕಾಂತ್, ಹೆಲ್ತ್ ಫಸ್ಟ್. ನಾಳೆ ಪ್ರೋಗ್ರಾಮಿಗೆ ಬರ್ಬೇಡ. ಆಮೇಲೂ ಬರ್ಬೇಡ."

"ಮಾತ್ರೆ ಶುರು ಮಾಡಿ ಸ್ವಲ್ಪ ದಿನಕ್ಕೆ ಕೆಲಸಕ್ಕೆ ಬರಬಹುದು ಸಾರ್" ಎಂದರು, ರಿಪೋರ್ಟ್ ಬರುವ ಮೊದಲೇ ಮಾತ್ರೆ ಡಬ್ಬಿ ಹಿಡಿದು ಬಂದಿದ್ದ ಮಾನಪ್ಪ.

"ಇವನು ಬಂದ್ರೆ ಗಿರಾಕಿಗಳು ಬರಲ್ವಲ್ಲ ಸಾರ್."

ಲಕ್ಷ್ಮಿಕಾಂತ ಮನಸ್ಸಿನಲ್ಲೇ ತೂಗಿ ನೋಡಿದ. ರೋಗವಿದ್ದರೆ ಕೆಲಸವೂ ಹೋಯಿತು, ಊರಿಗೆ ಎಳೆಯುವ ಅತ್ತೆಯಿಂದ ಮನೆಯೂ ಹೋಯಿತು. ನಿಜ ಹೇಳಿದರೆ ಮನೆ ಮಾತ್ರ. ನಿಜ ಇಷ್ಟು ಅಗ್ಗವಾದದ್ದು ಅವನ ಅನುಭವದಲ್ಲಿ ಇದೇ ಮೊದಲು. ಎದ್ದು ನಿಂತ.

"ನನಗ ಯಾವ ರೋಗನೂ ಇಲ್ಲ. ಅದು ರಕ್ತ ಅಲ್ಲ, ವೈನು. ಬಾಯಾಗ ಹಾಕ್ಕೊಂಡು ಉಗುಳಿದ್ದು. ನಮ್ಮ ಸಾರೇ ಕೊಟ್ಟಿದ್ದು."

ಎಲ್ಲರೂ ಕಿರಣಕುಮಾರನ ಕಡೆ ತಿರುಗಿದರು. ಕಿರಣಕುಮಾರ ಮಾನಪ್ಪನವರ ಕುತ್ತಿಗೆಯಲ್ಲಿ ತೂಗುತ್ತಿದ್ದ ಸರ್ಕಾರಿ ಗುರುತಿನ ಚೀಟಿ ನೋಡಿದ.

"ನಾನಾ? ಯಾವ ವೈನು?" ಎಂದ. "ಪಾಪ, ಜ್ವರ ತಲೆಗೇರಿದೆ."

ಈ ಪರಿ ಸುಳ್ಳನ್ನು ಕೋಟು ಹಾಕಿದವರು ನಿಂತಲ್ಲೇ ಹೇಳಬಹುದೆಂದು ಲಕ್ಷ್ಮಿಕಾಂತನಿಗೆ ಗೊತ್ತಿರಲಿಲ್ಲ. ಅದಕ್ಕಿಂತ ದೊಡ್ಡ ಆಘಾತ ಇನ್ನೊಂದು ಕಡೆಯಿಂದ ಬಂತು. ಖುರ್ಷೀದ್ ಸಾಹೇಬರು ಕಣ್ಣೊರೆಸಿಕೊಳ್ಳುತ್ತಿದ್ದರು.

"ನೋಡಿ, ಎಂಥಾ ಮನುಷ್ಯ" ಎಂದರು ಅವರು. "ಹೆಂಡತಿ, ಅತ್ತೆ ಅಳೋದು ನೋಡಕ್ಕಾಗದೆ ಕುಡುಕ ಅನ್ನೋ ಹೆಸರು ಮೈಮೇಲೆ ಹಾಕ್ಕೊತಿದ್ದಾನೆ. ಈ ಹುಡುಗ ಶರಾಬು ಮುಟ್ಟೋದಾ? ನನ್ ಮನೇಲಿ ಇಟ್ಕೊಂಡು?"

"ಹೌದ್ರೀ ಸಾಹೇಬ್ರ" ಎಂದಳು ಜಟ್ಟೆಮ್ಮ. "ಇಂಥಾ ಬಂಗಾರದಂಥಾ ಜೀವಕ್ಕೇ ಬರ್ಬೇಕಾ ಇದು?"

ಜೀವನದಲ್ಲಿ ಮೊದಲ ಸಲ ಮಹಾತ್ಮನಾದ ಲಕ್ಷ್ಮಿಕಾಂತ ಅದನ್ನು ತಡೆಯಲಾರದೆ ಮೇಲೆ ಓಡಿದ. ಬಾಟಲಿ ಹಿಡಿದು ಬಂದ. ಎಲ್ಲರ ಮುಂದೆ ಲೋಟಕ್ಕೆ ಬಗ್ಗಿಸಿ, ಬಾಯಿಗೆ ಹಾಕಿ, ಗಾಳಿ ಎಳೆದು, ಗೊರಗೊರ ಎನಿಸಿ, ಬಗ್ಗಿ ಕಲ್ಲಿನ ಮೇಲೆ ಉಗಿದ. ನಾಳೆ ದೊಡ್ಡವರೆದುರು ತೋರಿಸಬೇಕಾಗಿದ್ದ ವಿದ್ಯೆ ಇದಕ್ಕಿಂತ ಚೆನ್ನಾಗಿ ಬರುತ್ತಿತ್ತೆಂದು ಹೇಳಲಾಗುವುದಿಲ್ಲ.

ಹಮೀದಾ ಬಗ್ಗಿ ನೋಡಿದಳು. "ಇದೇ. ಇದೇ ಸದ್ದು, ಇದೇ ಬಣ್ಣ."

"ರೋಗ ಇಲ್ಲ?" ಎಂದಳು ಗಂಗಾ.

"ಇಲ್ಲ."

ಅವಳ ಮುಖ ಅರಳಿತು. ಅರಳಿದ್ದು ಹಾಗೇ ನಿಂತು, ಕಣ್ಣು ಬಾಟಲಿಯ ಮೇಲೆ ಹೋಗಿ, ಮತ್ತೆ ಮುದುಡಿತು. ಜಟ್ಟೆಮ್ಮ ಅವನ ಕೊರಳಿನ ಲಿಂಗವನ್ನೂ ಕೈಯಲ್ಲಿದ್ದ ಲೋಟವನ್ನೂ ಬದಲಾಯಿಸಿ ಬದಲಾಯಿಸಿ ನೋಡಿದಳು. "ಟಿ.ಬಿ. ಆಗಿದ್ರೇ ಛಂದಿತ್ತು" ಎಂದಳು.

"ಒಂದು ಹನಿನೂ ನುಂಗಿಲ್ಲ ಅತ್ತಿ."

"ನುಂಗಿದ್ರ ಹೊಟ್ಟಿಗರ ಹೋಗ್ತಿತ್ತು" ಎಂದು ಜಟ್ಟೆಮ್ಮ ಬಾಟಲಿ ಕಿತ್ತುಕೊಂಡು, ಗೇಟಿನಾಚೆ ಮೋರಿಯ ಮೇಲೆ ಬೋರಲು ಹಿಡಿದಳು.

"ಅಮ್ಮಾ, ಏನ್ ಮಾಡ್ತಿದ್ದೀರಾ, ಅದು ಇಟಲಿಯಿಂದ ಬಂದ ಬರೋಲೊ, ನನ್ ಸೆಲ್ಲಾರಿಂದು" ಎಂದು ಕಿರಣಕುಮಾರ ಕರವಸ್ತ್ರ ಬಿಟ್ಟು ಓಡಿದ.

ಮಾನಪ್ಪ ಮಾಸ್ಕು ಕೆಳಗೆ ಇಳಿಸಿದರು. "ಯಾರದು ಅಂದ್ರಿ ಸಾರ್?"

ಕಿರಣಕುಮಾರ ಓಡುತ್ತಿದ್ದವನು ಮೋರಿಯ ಹತ್ತಿರ ನಿಲ್ಲದೆ ಹಾಗೇ ಕಾರಿನ ತನಕ ಹೋದ. ಕಾರೂ ನಿಲ್ಲಲಿಲ್ಲ. ಮಾನಪ್ಪ ಕೈಯಲ್ಲಿದ್ದ ಮಾತ್ರೆ ಡಬ್ಬಿಯನ್ನು ದುಃಖದಿಂದ ಚೀಲಕ್ಕೆ ಹಾಕಿಕೊಂಡು ಅವನ ಹಿಂದೆ ಹೊರಟರು.

ಖುರ್ಷೀದ್ ಸಾಹೇಬರು ಕಲ್ಲಿನ ಹತ್ತಿರ ಬಂದು ಆ ಕೆಂಪು ನೋಡುತ್ತ ನಿಂತಿದ್ದರು. ಲಕ್ಷ್ಮಿಕಾಂತ ಕೈಮುಗಿದ.

"ಸಾಮಾನು ಇವತ್ತೇ ತೆಗೀತೀನಿ ಸಾಹೇಬ್ರೇ. ಗಂಗಾ ಹೊಲಿಗೆಗೆ ತಗೊಂಡಿರೋ ಬಟ್ಟೆ ಮುಗಿಸೋವರೆಗೆ ಅವಳಿಗೊಂದು ಟೈಮ್ ಕೊಡಿ."

"ದಿನಾ ಇಲ್ಲೇ ಉಗಿದ್ಯಾ?" ಎಂದರು ಖುರ್ಷೀದ್ ಸಾಹೇಬರು.

"ಹೌದು."

"ನೀನು ನೀರು ಸುರಿದು ಹೋಗ್ತಿದ್ದೆ. ಕಲ್ಲು ಒರಟು, ಬಣ್ಣ ಹೋಗ್ತಿರ್ಲಿಲ್ಲ. ನಿನ್ ಹೆಂಡತಿ ಬಟ್ಟೆ ಒಗೆಯೋಕೆ ಬಂದಾಗ ಗಂಡನ ರಕ್ತ ಕಾಣಬಾರ್ದು ಅಂತ ನಾನು ದಿನಾ ನಮಾಜ಼ಿಗೆ ಮುಂಚೆ ಬಂದು ಇಲ್ಲಿ ಕೂತು ಉಜ್ತಿದ್ದೆ. ಈ ಕೈಯಿಂದ."

ಅವರು ತಮ್ಮ ಅಂಗೈ ನೋಡಿಕೊಂಡರು. ಆಯುಷ್ಯದಲ್ಲಿ ಒಂದು ಹನಿ ಶರಾಬು ಸೋಕದಿದ್ದ ಕೈ ಅದು. ಹಮೀದಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವಳಿಗೂ ಇದು ಗೊತ್ತಿರಲಿಲ್ಲ. ಜಟ್ಟೆಮ್ಮ ಖಾಲಿ ಬಾಟಲಿಯನ್ನು ಬೆನ್ನ ಹಿಂದೆ ಬಚ್ಚಿಟ್ಟಳು.

ಲಕ್ಷ್ಮಿಕಾಂತನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದ, ಹೊಡೆದಿದ್ದರೂ ತಡೆದುಕೊಳ್ಳುತ್ತಿದ್ದ. ನಾಚಿಕೆಯಿಂದ ಅವನ ಕಣ್ಣು ತುಂಬಿತು. ಮೂಲೆಯಲ್ಲಿದ್ದ ನಾರಿನ ಬ್ರಷ್ಷು ಎತ್ತಿಕೊಂಡು ಕಲ್ಲಿನ ಮುಂದೆ ಮೊಣಕಾಲೂರಿ ಉಜ್ಜತೊಡಗಿದ.

"ಮನೆ ಖಾಲಿ ಮಾಡು ಅಂತ ಹೇಳ್ಬೇಕು ನಾನೀಗ" ಎಂದರು ಖುರ್ಷೀದ್ ಸಾಹೇಬರು. "ಶರತ್ತು ಶರತ್ತೇ. ಆದ್ರೆ ಐದು ಹೊತ್ತೂ ದುವಾ ಕೇಳಿದ್ದೀನಿ ನಿನಗೋಸ್ಕರ, ಇವನ ರೋಗ ಇಲ್ಲದ ಹಾಗೆ ಮಾಡು ಅಂತ. ಇಲ್ಲದ ಹಾಗೆ ಆಗಿದೆ. ಕೇಳ್ಕೊಂಡಿದ್ದನ್ನ ಮೇಲಿರೋನು ಕೊಟ್ಟಮೇಲೆ ನಾನು ಹೆಂಗೆ ಹೊರಗೆ ಹಾಕ್ಲಿ?"

ಲಕ್ಷ್ಮಿಕಾಂತ ತಲೆ ಎತ್ತಲಿಲ್ಲ. ಉಜ್ಜುವುದನ್ನೂ ನಿಲ್ಲಿಸಲಿಲ್ಲ. ಗಂಗಾ ಬಕೆಟ್ಟಿನಲ್ಲಿ ನೀರು ತಂದು ಪಕ್ಕದಲ್ಲಿಟ್ಟಳು.

ಖುರ್ಷೀದ್ ಸಾಹೇಬರು ಅವನ ಹಿಂದೆ ಸ್ಟೂಲು ಹಾಕಿಕೊಂಡು ಕೂತರು. ಆಮೇಲೆ ಬಗ್ಗಿ ಬೆರಳು ತೋರಿಸಿ, "ಇಲ್ಲಿ, ಈ ಸಂದಿಯಲ್ಲಿ" ಎಂದರು. "ಇದು ಬೇಗ ಹೋಗಲ್ಲ. ನನಗೆ ಗೊತ್ತು."